ಬಲಗಣ್ಣು

ಈ ಕುಯ್ಲಿನಲ್ಲಿ ಇದು ಐದನೆಯದು.
ಎಡದ್ದು ಜೀಪಿನ ಜೊತೆಗೇ ಬಂದದ್ದು, ಇನ್ನೂ ಉರಿಯುತ್ತಿದೆ.
ಬಲದ್ದು ಮಾತ್ರ ಮೂರು ವಾರಕ್ಕೊಮ್ಮೆ
ಹೇಳದೆ ಕೇಳದೆ ಹೋಗುತ್ತದೆ.
ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ
ಒಳಗೆ ತುಂಡಾದ ತಂತಿ,
ಮೂಗುತಿ ಕಳಚಿ ಡಬ್ಬಿಗೆ ಹಾಕಿದ ಹಾಗೆ
ಸಣ್ಣ ಸದ್ದು.

ಬಲಗಣ್ಣಿಲ್ಲದ ಜೀಪನ್ನು
ಎದುರಿನವ ಬೈಕೆಂದೇ ತಿಳಿಯುತ್ತಾನೆ.
ಆರಾಮಾಗಿ ರಸ್ತೆಯ ನಡುವಿಗೆ ಬರುತ್ತಾನೆ,
ಮರದ ಲಾರಿಯವನೂ.
ಹಿಂದೆ ಕೂತ ಹದಿನಾಲ್ಕು ಜನ
ಒಟ್ಟಿಗೆ ಉಸಿರು ಹಿಡಿದದ್ದು
ನನ್ನ ಕುತ್ತಿಗೆಗೆ ಗೊತ್ತಾಗುತ್ತದೆ.

ಸಿದ್ದಾಪುರದ ಸಜೀವನ್
ಕಂಪೆನಿ ಸರಿಯಿಲ್ಲ ಎಂದ, ಬೇರೆ ಕಂಪೆನಿಯದು ಕೊಟ್ಟ.
ಆಮೇಲೆ ಮಾಲ್ದಾರೆ ರಸ್ತೆಯನ್ನು ಬೈದ,
ಅರ್ತಿನ ವಯರು ಉಜ್ಜಿದ, ಊದಿದ,
ಬಾನೆಟ್ಟಿನೊಳಗಿಂದ ತಲೆ ಹೊರಗೆ ತೆಗೆದು
ಒಂದು ದಿನ ನನ್ನ ಕೈಯನ್ನೇ ಹಿಡಿದು ತಿರುಗಿಸಿ ನೋಡಿದ,
ಜ್ಯೋತಿಷಿಯ ಹಾಗೆ.
‘ಗಾಜು ಮುಟ್ಟಿದಿರಾ ಲೋಬಣ್ಣ?’
ಮುಟ್ಟದೆ ಹೇಗೆ ಮಾರಾಯ ಹಾಕುವುದು?
‘ಬೆರಳಿನ ಜಿಡ್ಡು ಕೂತಲ್ಲಿ ಗಾಜು ಬೇರೆ ಥರ ಕಾಯ್ತದೆ.
ರಸ್ತೆ ಅಲ್ಲ, ಕಂಪೆನಿ ಅಲ್ಲ,
ಸುಡ್ತಾ ಇರೋದು ನಿಮ್ಮ ಹೆಬ್ಬೆಟ್ಟು.’

ಮನೆಗೆ ಬಂದು ದೀಪದ ಕೆಳಗೆ ನೋಡಿಕೊಂಡೆ.
ಡೀಸೆಲ್ಲು, ಹಂದಿಸಾರಿನ ನೆಣ,
ಭಾನುವಾರ ಇಗರ್ಜಿಯಲ್ಲಿ ಅಂಟಿದ ಮೇಣ.
ಸುಳಿ ಸುಳಿಯಾಗಿ ಇಷ್ಟೆಲ್ಲ ಇಟ್ಟುಕೊಂಡು
ಯಾವುದನ್ನು ಮುಟ್ಟಿ ಏನು ಸುಟ್ಟಿದ್ದೇನೋ, ಲೆಕ್ಕವಿಲ್ಲ.

ಐದನೆಯದು ಹೋದದ್ದು ತೇಗದ ತೋಪಿನ ತಿರುವಿನಲ್ಲಿ,
ಕಾಫಿ ತೂಕ ಮುಗಿಸಿ ಲೈನಿಗೆ ವಾಪಸು ಬರುವಾಗ.
ಮಂಜು. ರಸ್ತೆಯಲ್ಲಿ ಲದ್ದಿ, ಇನ್ನೂ ಹಬೆಯಾಡುತ್ತಿತ್ತು.
ಒಂಟಿಯದು ಎಂದರು ಹಿಂದಿನಿಂದ ಯಾರೋ,
ಆಮೇಲೆ ಯಾರೂ ಏನೂ ಅನ್ನಲಿಲ್ಲ.
ಹೊಸ ಬಲ್ಬು ಡಬ್ಬಿಯಲ್ಲಿತ್ತು. ಬಟ್ಟೆ ಇರಲಿಲ್ಲ.
ಇದ್ದ ಬಟ್ಟೆಯಲ್ಲಿ ಬೆಳಿಗ್ಗೆಯಷ್ಟೇ ಡಿಪ್‌ಸ್ಟಿಕ್ ಒರೆಸಿದ್ದೆ.

ಬೊಳ್ಳಿ ಇಳಿದು ಬಂದಳು.
‘ಕೊಡಿ ಇತ್ತ.’
ಗಾಜು ಮುಟ್ಟಬೇಡ, ಬೆರಳಿನ ಗುರುತು ಕೂತರೆ…
ನಕ್ಕಳು.
‘ನನ್ನ ಬೆರಳು ಎಲ್ಲಿಯೂ ಕೂತುಕೊಳ್ಳೋದಿಲ್ಲ.
ಮೂರು ತಿಂಗಳಾಯ್ತು, ರೇಷನ್ ಅಂಗಡಿಯ ಮಿಷಿನ್ನಿಗೆ
ಹತ್ತೂ ಒತ್ತಿದೆ, ಸೆರಗಲ್ಲಿ ಒರೆಸಿ ಒತ್ತಿದೆ,
ತಲೆಯ ಎಣ್ಣೆ ಹಚ್ಚಿ ಒತ್ತಿದೆ.
ಕೆಂಪು ಲೈಟೇ.
ಇವಳು ಬೊಳ್ಳಿಯಲ್ಲ ಅಂತದೆ ಅದು.’
ಮೂವತ್ತು ವರ್ಷ ಹಣ್ಣು ಸೆಳೆದ ಬೆರಳು,
ಮೆಣಸಿನ ತೆನೆ ಕಿತ್ತ ಬೆರಳು
ಮೊಬೈಲಿನ ಬೆಳಕಿನಲ್ಲಿ ಹೊಳೆಗಲ್ಲಿನಷ್ಟು ನುಣ್ಣಗಿತ್ತು.
ಬಲ್ಬನ್ನು ಗಾಜಿನಲ್ಲೇ ಹಿಡಿದು, ಮಗುವಿನ ಕಿವಿಗೆ
ಓಲೆ ಹಾಕುವವರ ಹಾಗೆ ಕತ್ತು ಓರೆ ಮಾಡಿ
ಗೂಡಿಗೆ ಇಳಿಸಿದಳು. ಸ್ಪ್ರಿಂಗು ಒತ್ತಿದಳು.
ಸ್ವಿಚ್ಚು ಹಾಕಿದೆ.
ಮಂಜು ಎರಡು ಕವಲಾಗಿ ಹಿಂದೆ ಸರಿಯಿತು.
ತೇಗಗಳ ನಡುವೆ ಏನೋ ಒಂದು ತೇಗವಲ್ಲದ್ದು
ನಿಧಾನಕ್ಕೆ ಕತ್ತಲಾಯಿತು.

ಈಗ ಒಂಬತ್ತನೆಯ ವಾರ. ಉರಿಯುತ್ತಿದೆ.
ಸಜೀವನ್ ಒಪ್ಪುವುದಿಲ್ಲ.
ಆ ಶನಿವಾರ ತಾನು ರೆಗ್ಯುಲೇಟರ್ ಬದಲಿಸಿದ್ದೇ ಕಾರಣವಂತೆ,
ಹದಿನಾರು ವೋಲ್ಟು ಬರುತ್ತಿದ್ದದ್ದು ಹದಿನಾಲ್ಕಾಗಿದೆಯಂತೆ.
ಮೀಟರು ಹಚ್ಚಿ ತೋರಿಸಿದ, ಬಿಲ್ಲೂ ಕೊಟ್ಟ.
ಇರಬಹುದು.
ಹಾಗಾದರೆ ಎಡದ್ದು ಯಾಕೆ ಸುಡಲಿಲ್ಲ
ಎಂದು ಕೇಳಲು ಹೋಗಲಿಲ್ಲ. ಅವನಿಗೂ ಮಕ್ಕಳುಂಟು.

ನಿನ್ನೆ ಸಂಜೆ ಬೊಳ್ಳಿಯನ್ನು ರೇಷನ್ ಅಂಗಡಿಗೆ ಕರಕೊಂಡು ಹೋಗಿದ್ದೆ.
ಮತ್ತೆ ಕೆಂಪು.
ಈ ಹೆಂಗಸನ್ನು ನಾನು ಬಲ್ಲೆ ಎಂದೆ. ಅಂಗಡಿಯವನೂ
ನಾನೂ ಬಲ್ಲೆ ಎಂದ, ಮಿಷಿನ್ನಿನ ಕಡೆ ನೋಡಿದ.
ಖಾಲಿ ಚೀಲ ಮಡಿಚಿ ಕಂಕುಳಲ್ಲಿಟ್ಟು
ಮುಂದಿನ ಸೀಟಿನಲ್ಲಿ ಕೂತಳು.
ಕತ್ತಲಾಗಿತ್ತು, ಎರಡೂ ಹಾಕಿದೆ.
ಎದುರು ಬಂದ ಮರದ ಲಾರಿಯವ
ಅಷ್ಟು ದೂರದಿಂದಲೇ ಡಿಮ್ ಮಾಡಿ
ಎಡಕ್ಕೆ ಸರಿದ.