ಸೋಮವಾರದ ಲೆಕ್ಕ

ಶನಿವಾರ ಹೋದ ಕುರ್ಚಿಗಳು ಸೋಮವಾರ ಮರಳುತ್ತವೆ.
ಇಬಾದಾನಿನ ಮೊಕೊಲಾದಲ್ಲಿ, ನನ್ನ ತಗಡಿನ ಶೆಡ್ಡಿನ ಮುಂದೆ
ಐವತ್ತರ ಅಟ್ಟಿಗೊಂದು ಸೀಮೆಸುಣ್ಣದ ಗೀಟೆಳೆದು
ಎಣಿಸಿಕೊಳ್ಳುತ್ತೇನೆ.
ಎಣ್ಣೆ ಕೈಯ ಗುರುತು, ಮೀನಿನ ಮುಳ್ಳು,
ಸೀಟಿನ ಸಂದಿಯಲ್ಲಿ ಇನ್ನೂರು ನಾಯ್ರಾದ ಒಂದು ನೋಟು:
ಕುಣಿಯುವ ಮದುಮಗಳ ಹಣೆಗೆ ಯಾರೋ ಅಂಟಿಸಹೋಗಿ
ಗಾಳಿ ಕದ್ದದ್ದು.
ಅದು ನನ್ನ ಪಾಲು. ಯಾರಿಗೂ ಹೇಳಬೇಡಿ.

ಠೇವಣಿ ಬೇಕಾದರೆ ಮದುವೆಯಾದವರೇ ಬರಬೇಕು, ಇಬ್ಬರೂ.
ಅಣ್ಣ ಬಂದರೂ ಕೊಡೆ, ಪಾದ್ರಿ ಬಂದರೂ ಕೊಡೆ.
ಬಂದು ಕೂರುತ್ತಾರೆ,
ನಿದ್ದೆಗೆಟ್ಟ ಕಣ್ಣು, ಕತ್ತಿನಲ್ಲಿ ಹವಳದ ಸರ ಉಜ್ಜಿದ ಗೆರೆ.
ದುಡ್ಡು ಎಣಿಸುತ್ತಲೇ ಕೇಳುತ್ತೇನೆ:
ಇನ್ನೊಂದು ಸಲ ಆದರೆ ಏನು ಬೇರೆ ಮಾಡುತ್ತೀರಿ?

ಡೀಸೆಲ್, ಅಂದಳು ಮೊರೆನಿಕೆ.
ಹೂವಿನ ಕಮಾನಿಗೆ ಸುರಿದದ್ದರಲ್ಲಿ ಕಾಲು ಪಾಲು
ಜನರೇಟರಿನ ಬಾಯಿಗೆ ಹುಯ್ದಿದ್ದರೆ
ಪಾದ್ರಿಯ ಮೈಕು ನಡುವೆ ಸಾಯುತ್ತಿರಲಿಲ್ಲ.
ಸತ್ತದ್ದೇ ಒಳ್ಳೆಯದಾಯಿತು, ಅಂದ ಗಂಡ,
ಅವರು ಆಗಷ್ಟೇ ನೋಹನ ನಾವೆ ಹತ್ತಿದ್ದರು.

ಅಬಾಯೊಮಿಗೆ ಬೂಟಿನ ಅಂಗಡಿ, ಲೆಕ್ಕದ ಮನುಷ್ಯ:
ಅನ್ನದ ಕೂಲರಿಗೆ ಕಾವಲು ಬೇಕೇ ಬೇಕು,
ಆದರೆ ಅತ್ತೆಯ ತಂಗಿಯನ್ನು ನಿಲ್ಲಿಸಬೇಡಿ.
ಏಳರಲ್ಲಿ ಎರಡು ಕೂಲರು ಜೊಲೊಫ್
ಅವಳ ಕಾರಿನ ಡಿಕ್ಕಿಯಲ್ಲಿ ಊರು ಸೇರಿತು.
ಆ ರಾತ್ರಿ ನಾವಿಬ್ಬರು ತಿಂದದ್ದು
ರಸ್ತೆಬದಿಯ ಸುಟ್ಟ ಬಾಳೆಕಾಯಿ, ಒಂದು ಪೊಟ್ಟಣ ಕಡಲೆಕಾಯಿ.
ಹೇಗಿತ್ತು? ಎಂದೆ.
ಅವನ ಹೆಂಡತಿ ಮೊದಲ ಸಲ ಬಾಯಿ ತೆರೆದಳು:
ಮದುವೆಯಲ್ಲಿ ಚೆನ್ನಾಗಿದ್ದದ್ದೇ ಅದು.

ಸಿಕಿರಾತ್ ಬಟ್ಟೆಯ ಮಾತೆತ್ತಿದರೆ ಈಗಲೂ ಬಿಕ್ಕುತ್ತಾಳೆ.
ನಂಟರಿಗೆಲ್ಲ ಒಂದೇ ಬಣ್ಣದ ಅಸೊ ಎಬಿ ಆರಿಸಲು
ಇಬ್ಬರು ಅಮ್ಮಂದಿರನ್ನು ಒಂದೇ ಅಂಗಡಿಗೆ ಕರೆದೊಯ್ದಿದ್ದಳಂತೆ.
ಪೀಚೋ, ಈರುಳ್ಳಿ ಸಿಪ್ಪೆಯೋ?
ಮೂರು ತಿಂಗಳು!
ಕೊನೆಗೆ ಬಟ್ಟೆಯ ದುಡ್ಡು ಕೊಡದವರೇ
ಮೊದಲ ಸಾಲಿನಲ್ಲಿ ಕೂತು ಮಾಂಸ ಸಣ್ಣದೆಂದರು.

ಒಬ್ಬ ಮಾತ್ರ ಏನೂ ಹೇಳಲಿಲ್ಲ.
ಹೆಂಡತಿ ಫೋನು ಹಿಡಿದು ಹೊರಗೆ ಹೋದ ಮೇಲೆ
ರಸೀದಿಯನ್ನು ಮಡಿಸಿ, ಮತ್ತೆ ಮಡಿಸಿ, ಉಗುರಿನಷ್ಟು ಮಾಡಿ
ಅವಳಿಗೆ ಸಾಲದ ವಿಷಯ ಗೊತ್ತಿಲ್ಲ, ಅಂದ.

ಗುರುವಾರ ಕುರ್ಚಿ ಗೊತ್ತುಮಾಡಲು ಬರುವವರಿಗೆ
ಇದನ್ನೆಲ್ಲ ಹೇಳುತ್ತೇನೆ. ತಲೆಯಾಡಿಸುತ್ತಾರೆ,
ಆಮೇಲೆ ಐನೂರು ಕುರ್ಚಿ, ಹೂವಿನ ಕಮಾನು ಕೇಳುತ್ತಾರೆ.
ಬುದ್ಧಿಗೆ ನನ್ನಲ್ಲಿ ಬಾಡಿಗೆ ಇಲ್ಲ,
ಅದಕ್ಕೇ ಯಾರೂ ಒಯ್ಯುವುದಿಲ್ಲ.

ಇಬಿರೊಂಕೆ, ತೆಮಿಲೊಲು:
ಒಯ್ದದ್ದು ನೂರ ಇಪ್ಪತ್ತು, ಬಂದದ್ದು ನೂರ ಹತ್ತೊಂಬತ್ತು.
ಠೇವಣಿಗೂ ಬರಲಿಲ್ಲ, ಮೂರು ವಾರ.
ನಾನೇ ಹುಡುಕಿಕೊಂಡು ಹೋದೆ
ಓಜೆ ಮಾರುಕಟ್ಟೆಯ ಹಿಂದೆ, ಕಟಾಂಜನವಿಲ್ಲದ ಮೆಟ್ಟಿಲು.
ಒಂದು ಕೋಣೆ. ಹಾಸಿಗೆ. ಸೀಮೆಎಣ್ಣೆ ಸ್ಟೌ.
ತಮ್ಮದೇ ಮುಖ ಅಚ್ಚಾದ, ಹಂಚಿ ಉಳಿದ
ಪ್ಲಾಸ್ಟಿಕ್ ಬಟ್ಟಲುಗಳ ಗೋಪುರ.
ಕಿಟಕಿಯ ಹತ್ತಿರ ನನ್ನ ಕುರ್ಚಿ,
ಬೆನ್ನಿನ ಮೇಲೆ ನನ್ನದೇ ಕೈಯ ಕೆಂಪು ಬಣ್ಣದ ಎಂಬತ್ತೇಳು.

ಗಾಬರಿಯಲ್ಲಿ ಹುಡುಗಿ ಅದನ್ನೇ ಎಳೆದು
ಸೆರಗಿನಲ್ಲಿ ಒರೆಸಿ, ಕೂತ್ಕೊಳ್ಳಿ ಅಮ್ಮ, ಅಂದಳು.
ಕೂತೆ. ಅವರು ನೆಲಕ್ಕೆ ಕೂತರು, ಮೊಣಕಾಲಿಗೆ ಮೊಣಕಾಲು.
ಬೈಯಲೆಂದೇ ಹತ್ತಿಬಂದವಳು
ಅಭ್ಯಾಸಬಲದಿಂದ ಕೇಳಿಬಿಟ್ಟೆ:
ಇನ್ನೊಂದು ಸಲ ಆದರೆ?

ಒಬ್ಬರನ್ನೊಬ್ಬರು ನೋಡಿಕೊಂಡರು.
ಅವನು ಕೆಮ್ಮಿದ.
ಎರಡು ಇಟ್ಟುಕೊಳ್ಳುತ್ತಿದ್ದೆವು ಅಮ್ಮ,
ಸಂಜೆ ಸರದಿಯಲ್ಲಿ ಕೂರಬೇಕಾಗುತ್ತೆ.

ಠೇವಣಿ ಪೂರಾ ಕೊಟ್ಟು ಬಂದೆ.
ಪುಸ್ತಕದ ಆ ಪುಟದಲ್ಲಿ ಬರೆದಿದೆ:
ಮುರಿದವು, ಎರಡು.