ಶೆಡ್ ನಂಬರ್ ಹದಿನೇಳು

ಚಪ್ಪಲಿ ಆ ಕಂಬದ ಹತ್ತಿರ ಬಿಡಮ್ಮ.
ಇಲ್ಲಿ ಎಲ್ಲರೂ ಬರಿಗಾಲು,
ಕಾರಲ್ಲಿ ಬಂದವರೂ,
ಜಾಲಹಳ್ಳಿ ಕ್ರಾಸಿಂದ ನಡೆದು ಬಂದವರೂ.
ವಾಚು, ಉಂಗುರ, ಬಳೆ ಈ ಬಿಸ್ಕತ್ತಿನ ಡಬ್ಬಿಗೆ.

ಸಮುದ್ರ ಎಲ್ಲಿ ಅಂತ ನೀನೂ ಕೇಳಬೇಡ.
ಪೀಣ್ಯ ಎರಡನೇ ಹಂತಕ್ಕೆ
ನಲ್ಲಿ ನೀರು ಬರುವುದೇ ದಿನ ಬಿಟ್ಟು ದಿನ.
ಮರಳು ಮಾತ್ರ ಇದೆ:
ಹದಿನಾರು ಮೀಟರ್ ಉದ್ದ, ಎಂಟು ಅಗಲ, ಸುತ್ತ ಬೀಳುವುದಕ್ಕೊಂದಿಷ್ಟು ಜಾಗ,
ಮೊಳಕ್ಕೆ ಚೂರು ಕಮ್ಮಿ ಆಳ.
ಹದಿನಾಲ್ಕು ಲಾರಿ ಸುರಿಸಿದೆವು, ತೊಳೆದು, ಜರಡಿ ಹಿಡಿದು.
ಹಿಡಿದು ನೋಡು, ಉಂಡೆಯಾಗಲ್ಲ.
ಗೋಡೆಗೆ ಬಾರದ ಮರಳೇ ಬೇಕು ಈ ಆಟಕ್ಕೆ.

ನೀನು ನಿಂತಿದ್ದೀಯಲ್ಲ, ಅಲ್ಲಿ ನನ್ನ ಲೇತ್ ಇತ್ತು,
ಇಪ್ಪತ್ತಾರು ವರ್ಷ.
ಈಗಲೂ ಸೋಮವಾರ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ
ಮರಳ ಮೇಲೆ ಎಳೆಯುತ್ತೇನೆ.
ಎಂದೋ ಒಂದು ದಿನ ಸಿಗುತ್ತದೆ, ಸುರುಳಿ ಉಕ್ಕಿನ ಚೂರು,
ಬಾಲ ಮಡಚಿದ ಚೇಳಿನ ಹಾಗೆ.
ಹೆದರಬೇಡ. ನಿನ್ನೆ ತಾನೇ ಸೋಮವಾರ.

ನೆಟ್ಟು ಹೆಂಗಸರಿಗೆ ಎರಡು ಮೀಟರ್ ಇಪ್ಪತ್ತನಾಲ್ಕು ಸೆಂಟಿ.
ನಾನೇ ಅಳೆದದ್ದು.
ಮಿಲಿಮೀಟರನ್ನು ನೂರಾಗಿ ಸೀಳಿ ನೋಡಿದ ಕಣ್ಣು ಇದು.
ಗೆರೆ ಅಂದರೆ ಈ ನೀಲಿ ಪಟ್ಟಿ, ತಾಗಿದರೆ ಒಳಗೆ.

ಒಂದು ಕಡೆಗೆ ಇಬ್ಬರೇ. ಬದಲಿ ಇಲ್ಲ.
ಕಾಲು ಉಳುಕಿತೋ, ಐದು ನಿಮಿಷ.
ಆಮೇಲೂ ಏಳದಿದ್ದರೆ ಪಂದ್ಯ ಅವರದು.
ಮೂಲೆಯಿಂದ ಹೇಳಿಕೊಡುವವರೂ ಇರಕೂಡದು,
ಅದಕ್ಕೇ ಈಗ ಇಷ್ಟು ಮಾತು.
ಸೀಟಿ ಊದಿದ ಮೇಲೆ ನಾನು ಮೂಗ.

ಮೂರೇ ಮುಟ್ಟು. ಎತ್ತು, ಇಡು, ದಾಟಿಸು.
ಬ್ಲಾಕಿಗೆ ಹಾರಿದಾಗ ಬೆರಳು ಸವರಿದರೂ ಅದೊಂದು,
ಉಳಿದದ್ದು ಎರಡು.
ಕಾಲೇಜು ಮೈದಾನದಲ್ಲಿ ಕಪ್ಪು ಗೆದ್ದವರೆಲ್ಲ
ಇಲ್ಲೇ ಎಡವಿ ನನ್ನ ಮುಖ ನೋಡುತ್ತಾರೆ.
ಬೆರಳ ತುದಿಯಲ್ಲಿ ಮೆತ್ತಗೆ ಆಚೆ ಜಾರಿಸುವ ಕಳ್ಳಾಟ ನಡೆಯಲ್ಲ:
ಗೆಣ್ಣಿನಿಂದ ಕುಟ್ಟು, ಇಲ್ಲವೇ ಹೊಡೆ.
ಕ್ರೇನಿನ ತೊಲೆಗೆ ಚೆಂಡು ತಾಗಿದರೆ ಮತ್ತೆ ಸರ್ವ್.
ಇದು ಪುಸ್ತಕದಲ್ಲಿಲ್ಲ, ನಮ್ಮ ಶೆಡ್ಡಿನದು.

ಇಬ್ಬರ ಅಂಕ ಕೂಡಿ ಏಳಾದಾಗ ಕಡೆ ಬದಲಾಯಿಸಿ,
ಮತ್ತೆ ಹದಿನಾಲ್ಕಕ್ಕೆ, ಹೀಗೇ.
ಬಿಸಿಲು ಗಾಳಿ ಇಬ್ಬರಿಗೂ ಸಮ ಬೀಳಲಿ ಅಂತ ಮಾಡಿದ್ದಂತೆ.
ಇಲ್ಲಿ ಗಾಳಿ ಅಂದರೆ ಆ ಎಗ್ಸಾಸ್ಟ್ ಫ್ಯಾನು,
ಬಿಸಿಲು ಅಂದರೆ ಒಡೆದ ಶೀಟಿಂದ ನಾಲ್ಕು ಗಂಟೆಗೆ ಬೀಳುವ ಒಂದು ಬಿಲ್ಲೆ.
ಇದ್ದಷ್ಟು ಹಂಚಿಕೊಳ್ಳಿ.
ಮೆಷೀನುಗಳು ಹರಾಜಾದ ವರ್ಷ
ಕಡೆ ಬದಲಾಯಿಸಿ ಅಂತ ನಮಗೆ ಯಾರೂ ಸೀಟಿ ಊದಲಿಲ್ಲ.

ಹೋಗಲಿ. ಬೆನ್ನ ಹಿಂದೆ ಕೈ ಹಿಡಿ.
ಒಂದು ಬೆರಳು: ನೇರ ಹೊಡೆತ ನಾನು ತಡೆಯುತ್ತೇನೆ.
ಎರಡು: ಅಡ್ಡ ಹೊಡೆತ.
ಮುಷ್ಟಿ: ನಾನು ಹಾರಲ್ಲ.
ಮುಂದೆ ನಿಂತವಳು ತೋರಿಸಬೇಕು, ಸರ್ವ್ ಮಾಡುವವಳು ಓದಬೇಕು.
ಲೇತಿನ ಸದ್ದಲ್ಲಿ ನಮ್ಮದೂ ಇದೇ ಭಾಷೆ.
ಎರಡು ಬೆರಳು ಅಂದರೆ ಟೀ,
ಮುಷ್ಟಿ ಅಂದರೆ ಸೂಪರ್‌ವೈಸರ್ ಬಂದ.
ರೆಹಮತ್ ಸಾಬರು ಮೂರೇ ಬೆರಳಲ್ಲಿ
ಮಗಳಿಗೆ ಗಂಡು ಗೊತ್ತಾದ ಕಥೆ ಪೂರಾ ಹೇಳಿದ್ದರು.

ಇಪ್ಪತ್ತೊಂದಕ್ಕೆ ಸೆಟ್ಟು, ಮೂರನೆಯದಾದರೆ ಹದಿನೈದಕ್ಕೆ,
ಎರಡರ ಅಂತರ ಬೇಕು, ಇಲ್ಲದಿದ್ದರೆ ಕತ್ತಲಾದರೂ ಆಡಿ.
ಮೊದಲ ವಾರ ಓಡಲಿಕ್ಕೇ ಬರಲ್ಲ,
ಹೆಜ್ಜೆ ಇಟ್ಟ ಕಡೆ ನೆಲ ಇರಲ್ಲ.
ಅತ್ತು ಹೋದವರಿದ್ದಾರೆ. ಬುಧವಾರ ವಾಪಸ್ ಬಂದಿದ್ದಾರೆ.

ಆಟ ಮುಗಿದ ಮೇಲೆ ಕಾಲು ಕೊಡವಿಕೋ, ಜೇಬೂ ನೋಡಿಕೋ.
ವರ್ಷಕ್ಕೆ ಎರಡು ಮೂಟೆ ಮರಳು
ನಿಮ್ಮ ಬಟ್ಟೆ ಮಡಿಕೆಯಲ್ಲೇ ಮನೆಮನೆಗೆ ಹೋಗುತ್ತದೆ,
ಓನರು ನನ್ನ ಮೇಲೆ ಗುರ್ ಅನ್ನುತ್ತಾರೆ.

ಅಗೋ, ನಿನ್ನ ಜೊತೆಗಾತಿ ಜೆಸಿಂತಾ,
ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿ ಬಂದಳು ಕೊನೆಗೂ.
ತಗೋ ಚೆಂಡು. ಪಟ್ಟಿ ತುಳಿಯಬೇಡ.