ಹೋಗುವಾಗ ಮೂರು, ಬರುವಾಗ ಒಂದು

"ಎಷ್ಟು ದೂರ?" ಎಂದು ಕೇಳಿದರು
ನಾನು ತಳ್ಳುತ್ತಿದ್ದ ಗಾಲಿಕುರ್ಚಿಯ ಹಾಲೀನಾ.
ಬೆಳಗಿನ ನಾಲ್ಕೂವರೆ, ಲೂಟನ್ ವಿಮಾನ ನಿಲ್ದಾಣ,
ಹೊರಗೆ ಕಾರುಗಳ ಮೇಲೆ ಉಪ್ಪು ಎರಚಿದಂಥ ಹಿಮ.

ತಳ್ಳುವುದಕ್ಕೆ ಸಂಬಳ. ಲೆಕ್ಕ ಹೇಳುವುದು ಬಿಟ್ಟಿ.
ಗ್ಡಾನ್ಸ್ಕ್‌ಗೆ ಸಾವಿರದ ಮುನ್ನೂರು ಕಿಲೋಮೀಟರು, ಚೂರು ಆಚೀಚೆ;
ಹಾರಾಟ ಎರಡು ಗಂಟೆ. ಅಲ್ಲಿಯ ಗಡಿಯಾರ
ಒಂದು ಗಂಟೆ ಮುಂದೆ, ಹಾಗಾಗಿ ಹೋಗುವಾಗ ಮೂರು,
ಬರುವಾಗ ಒಂದೇ. ಆಕಾಶ ಸಾಲ ತೀರಿಸುತ್ತೆ ನೋಡಿ, ಅಂದೆ.
ನಗಲಿಲ್ಲ.

ಮೊದಲ ಸಲ ಅಲ್ಲಿಂದ ಬಂದದ್ದು ಬಸ್ಸಿನಲ್ಲಂತೆ.
ಮೂವತ್ತೊಂದು ಗಂಟೆ. ಪೋಜ್ನಾನ್, ಹ್ಯಾನೋವರ್, ಘೆಂಟ್,
ಕಲೇಯಲ್ಲಿ ಹಡಗು, ಡೋವರ್‌ನಲ್ಲಿ ಮಳೆ.
ಕಾಲು ಊದಿ ಬೂಟಿನ ದಾರ ಬಿಚ್ಚಿ ಕೂತದ್ದು,
ಪಕ್ಕದವನ ಬೆಳ್ಳುಳ್ಳಿ ಸಾಸೇಜಿನ ವಾಸನೆ
ಮೂರು ಗಡಿ ದಾಟಿದರೂ ಇಳಿಯದೆ ಉಳಿದದ್ದು.
"ಆಗ ದೂರ ಮೈಗೆ ಗೊತ್ತಾಗುತ್ತಿತ್ತು."

ಈಗ ಹೊರಟಿರುವುದು ತಂಗಿಯ ಮನೆಗೆ.
ಅಮ್ಮನ ಹೊಲಿಗೆ ಯಂತ್ರ ಮಾರಿದ್ದು ಯಾರು
ಎಂಬ ಒಂದು ಮಾತಿಗೆ ಹನ್ನೊಂದು ವರ್ಷ ಮಾತು ಬಿಟ್ಟವರು.
ಹೇಳಬೇಕಾದ ವಾಕ್ಯ ಇನ್ನೂ ಕೂಡಿಬಂದಿಲ್ಲ.
ಬಸ್ಸಾದರೆ ನಿಂತಲ್ಲೆಲ್ಲ ಒಂದೊಂದು ಪದ
ಇಳಿಸಬಹುದಿತ್ತು, ಹತ್ತಿಸಬಹುದಿತ್ತು;
ಹ್ಯಾನೋವರ್ ಹೊತ್ತಿಗೆ 'ಆದರೆ' ಬಿಟ್ಟು,
ಪೋಜ್ನಾನ್ ಹೊತ್ತಿಗೆ 'ನೀನೂ ಕೂಡ' ಬಿಟ್ಟು...
ಎರಡು ಗಂಟೆಯಲ್ಲೇನು?
ಬೆಲ್ಟು ಕಟ್ಟು, ಚಹಾ ಕುಡಿ, ಬೆಲ್ಟು ಕಟ್ಟು.

ನಮ್ಮ ಭಾಷೆಯಲ್ಲಿ ಕೂಗಳತೆ ಅಂತೊಂದು ಅಳತೆ ಇದೆ, ಅಂದೆ.
ಕೂಗಿದರೆ ಕೇಳಿಸುವಷ್ಟು ದೂರ.
ಎರಡು ಸಲ ಬಿಡಿಸಿ ಹೇಳಿಸಿಕೊಂಡು,
"ಮೊದಲು ಕೂಗಬೇಕಾದವರು ಯಾರು?" ಎಂದರು.
ಅದಕ್ಕೆ ನನ್ನ ಹತ್ತಿರ ಅಂಕಿ ಇರಲಿಲ್ಲ.

ತಪಾಸಣೆಯಲ್ಲಿ ಪ್ಲಮ್ ಹಣ್ಣಿನ ಜಾಮಿನ ಸೀಸೆ
ಎತ್ತಿಟ್ಟುಕೊಂಡರು, ನೂರು ಮಿಲಿ ಮೀರಿದೆಯಂತೆ.
ಮೇಲಿನ ಕೈಬರಹದ ಚೀಟಿ ಮಾತ್ರ
ಉಗುರಿನಿಂದ ಬಿಡಿಸಿ, ಪಾಸ್‌ಪೋರ್ಟಿಗೆ ಅಂಟಿಸಿಕೊಂಡರು.

ಲಿಫ್ಟಿನಿಂದ ಒಂಬತ್ತನೇ ಗೇಟಿಗೆ ನಾಲ್ಕು ನಿಮಿಷದ ದಾರಿ.
ಅವತ್ತು ಅತ್ತರಿನ ಅಂಗಡಿಗೆ ಎರಡು ಸುತ್ತು ಹಾಕಿದೆ,
ಬಾಗಿಲು ಮುಚ್ಚಿದ ಪುಸ್ತಕದಂಗಡಿಯ ಮುಂದೆ
ಚಕ್ರ ಸರಿಮಾಡುವ ನೆಪದಲ್ಲಿ ಮಂಡಿಯೂರಿದೆ.
ಸೊಂಟದ ರೇಡಿಯೊದಲ್ಲಿ ಮೇಲ್ವಿಚಾರಕ ಕೀಗನ್
ತಿಪ್ಪೇಸ್ವಾಮಿಯನ್ನು ಕತ್ತರಿಸಿ "ಟಿಪ್ಸ್, ಟಿಪ್ಸ್" ಎಂದು
ಕೂಗುತ್ತಲೇ ಇದ್ದ. ಕೂಗಳತೆಯಲ್ಲೇ ಇದ್ದೆ.
ಕೇಳಿಸಲಿಲ್ಲ.
ಕುರ್ಚಿಯಲ್ಲಿ ತುಟಿ ಆಡುತ್ತಿತ್ತು.
ಏನೆಂದು ವಿಚಾರಿಸಲಿಲ್ಲ; ಹೇಗೂ ಪೋಲಿಷ್.

ವಿಮಾನದ ಬಾಗಿಲಲ್ಲಿ ತಾವೇ ಎದ್ದು ನಿಂತು,
ಕೋಟಿನ ಗುಂಡಿ ಮೇಲಿನಿಂದ ಕೆಳಗೆ ಒಂದೊಂದೇ ಹಾಕಿ
ಒಳಗೆ ಹೋದರು.

ಖಾಲಿ ಕುರ್ಚಿ ತಳ್ಳಿಕೊಂಡು ಹಿಂದಿರುಗಿದೆ.
ಹೋಗುವಾಗ ಹತ್ತೊಂಬತ್ತು ನಿಮಿಷ,
ಬರುವಾಗ ನಾಲ್ಕು.